ಕಪ್ಪು ಹಲಗೆಯ ಮುಂದೆ ಹಿಡಿಯದ ಚೀಲ

ಆಸ್ಪತ್ರೆಯ ಔಷಧ ವಿಭಾಗದಲ್ಲಿ ಆಕೆಗೆ ಎಲ್ಲರೂ ಇಟ್ಟ ಹೆಸರು ದುರ್ಬೀನಕ್ಕ. ಹಾಲು ಕುಡಿಯಲಾರದ ಎಳೆಗೂಸುಗಳಿಗೆ ರಕ್ತನಾಳದ ಮೂಲಕ ಕೊಡುವ ಆಹಾರವನ್ನು ಬೆರೆಸುವುದು ಆಕೆಯ ಕೆಲಸ. ಸಕ್ಕರೆ, ಪ್ರೋಟೀನ್, ಲವಣಗಳೆಲ್ಲ ಚೀಲಕ್ಕೆ ಇಳಿದ ಮೇಲೆ ಅದನ್ನು ಕಪ್ಪು ಹಲಗೆಯ ಮುಂದೆ ಹಿಡಿದು, ಕಣ್ಣು ಕಿರಿದಾಗಿಸಿ ನೋಡುತ್ತಾರೆ. ಕೊನೆಗೆ ಸೇರುವ ಕೊಬ್ಬಿನ ದ್ರಾವಣ ಹಾಲಿನಷ್ಟು ಬಿಳಿ. ಅದು ಬಿದ್ದ ಮೇಲೆ ಒಳಗೆ ಏನಿದ್ದರೂ ಕಾಣದು.

"ಮದುವೆಗೆ ಮುಂಚೆ ಭಾವನ್ನೂ ಹಲಗೆ ಮುಂದೆ ನಿಲ್ಲಿಸಿದ್ರಾ ಅಕ್ಕಾ?" ಎಂದು ಜೊತೆಗಾತಿ ಕಾಲೆಳೆಯುತ್ತಾಳೆ.

"ನಿಲ್ಲಿಸಿದ್ದಿದ್ರೆ ಮದುವೇನೇ ಆಗ್ತಿರ್ಲಿಲ್ಲ."

ಅದೇ ಆಸ್ಪತ್ರೆಯಲ್ಲಿ ಆಕೆಯ ತಂಗಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅಂಗೈಯಲ್ಲಿ ಹಿಡಿಸುವಂಥ ಹೆಣ್ಣುಮಗು.

"ನನ್ನ ಮಗಳಿಗೆ ನೀನೇ ಬೆರೆಸಕ್ಕಾ. ಬೇರೆ ಯಾರೂ ಬೇಡ."

ಮಗುವಿನ ದೊಡ್ಡಮ್ಮನಾದ ದುರ್ಬೀನಕ್ಕನ ಕೈ ಅಂದು ಅವಸರಪಟ್ಟಿತು. ಫಾಸ್ಫೇಟ್ ಹಾಕಿದ ಬೆನ್ನಿಗೇ ಕ್ಯಾಲ್ಸಿಯಂ ಹಾಕಿದರು. ನಡುವೆ ಉಳಿದದ್ದೆಲ್ಲ ಸೇರಿ ಚೆನ್ನಾಗಿ ಬೆರೆಯಬೇಕು; ಇಲ್ಲದಿದ್ದರೆ ಎರಡೂ ಕೂಡಿ ಪುಡಿಗಟ್ಟುತ್ತವೆ. ಆಮೇಲೆ ಕೊಬ್ಬೂ ಬಿತ್ತು. ಎರಡನೆಯವಳಾಗಿ ಪರೀಕ್ಷಿಸಬೇಕಿದ್ದ ಜೊತೆಗಾತಿ, "ನೀವು ನೋಡಿದ ಮೇಲೆ ಇನ್ನೇನು" ಎಂದು ಸಹಿ ಹಾಕಿದಳು. ಚೀಲ ಮೇಲಿನ ಮಹಡಿಗೆ ಹೋಯಿತು.

ಕೈಗವಸು ಕಳಚುವಾಗ ದುರ್ಬೀನಕ್ಕನ ಕಣ್ಣಿಗೆ ಹಲಗೆ ಬಿತ್ತು. ಫೋನಿಗೆ ಕೈ ಹೋಯಿತು.

"ಸಿಸ್ಟರ್, ಆ ಚೀಲ ಹಾಕ್ಬೇಡಿ."

"ನಳಿಕೆ ಜೋಡಿಸ್ತಿದ್ದೆ, ಇನ್ನೂ ಬಿಟ್ಟಿಲ್ಲ. ಏನಾಯ್ತು?"

"ನಾನು ನೋಡಿಲ್ಲ."

ಮೊದಲನೆಯದರಲ್ಲಿ ಏನಾಗಿತ್ತೆಂದು ತಿಳಿಯಲು ಅದೇ ತಪ್ಪು ಕ್ರಮದಲ್ಲಿ, ಕೊಬ್ಬು ಮಾತ್ರ ಬಿಟ್ಟು, ಇನ್ನೊಂದು ಚೀಲ ಬೆರೆಸಿದರು. ಹಲಗೆಯ ಮುಂದೆ ಹಿಡಿದರು. ಸೀಮೆಸುಣ್ಣ ಉಜ್ಜಿದಂತೆ ಬಿಳಿ ಧೂಳು ತಳಕ್ಕೆ ಇಳಿಯುತ್ತಿತ್ತು.

"ಇದು ಮಗು ಶ್ವಾಸಕೋಶಕ್ಕೆ ಹೋಗಿದ್ರೆ..." ಎಂದಳು ಜೊತೆಗಾತಿ.

ಮೂರನೆಯದನ್ನು ಜೊತೆಗಾತಿಯೇ ಬೆರೆಸಿದಳು. ಅದನ್ನು ದುರ್ಬೀನಕ್ಕ ತಾವೇ ಮೇಲಕ್ಕೆ ಒಯ್ದರು.

"ಯಾಕಿಷ್ಟು ತಡ?" ತಂಗಿ ಕೇಳಿದಳು.

"ಮೊದಲನೇದನ್ನ ನಾನು ಕೆಡಿಸಿದ್ದೆ. ಕೊಟ್ಟಿದ್ರೆ ಮಗು ಉಳೀತಿರ್ಲಿಲ್ವೇನೋ. ಇದನ್ನ ನಾನು ಬೆರೆಸಿಲ್ಲ."

ತಂಗಿ ಚೀಲದತ್ತ ತಿರುಗಿದಳು.

"ಇದನ್ನ ಯಾರು ನೋಡಿದ್ರು?"

"ನಾನೂ, ಬೆರೆಸಿದವಳೂ, ಇಬ್ರೂ. ಒಬ್ಬೊಬ್ಬರಾಗಿ."

"ಹಾಗಾದ್ರೆ ಹಾಕ್ಸು," ಎಂದಳು ತಂಗಿ. ಅಕ್ಕನ ಕೈಯನ್ನು ಮಾತ್ರ ಹಿಡಿಯಲಿಲ್ಲ.