ಮಹಾದೇವಿಯ ಕಿವಿಮೊರೆತ

1983ರಲ್ಲಿ ನಾನು ಅಫಜಲಪುರ ತಾಲೂಕಿನ ಒಂದು ಸಣ್ಣ ಸರಕಾರಿ ದವಾಖಾನೆಯಲ್ಲಿ ವೈದ್ಯನಾಗಿದ್ದೆ. ಊರಿನ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಮಹಾದೇವಿಗೆ ಕ್ಷಯವೆಂದು ಗೊತ್ತಾದಾಗ ಮಾತ್ರೆಗಳ ಜೊತೆ ದಿನಕ್ಕೊಂದು ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಬರೆದೆ. ಅರವತ್ತು ದಿನದ ಕೋರ್ಸು. ರಜೆ ಹಾಕಿದ ಆಕೆ ತಪ್ಪದೆ ಬರುತ್ತಿದ್ದಳು. ಕೆಮ್ಮು ಇಳಿದಿತ್ತು, ತೂಕ ಏರಿತ್ತು. ನಾನು ನಿಶ್ಚಿಂತನಾಗಿದ್ದೆ.

ಮೂವತ್ತನಾಲ್ಕು ಇಂಜೆಕ್ಷನ್ ಆದ ಮರುದಿನ ಬೆಳಿಗ್ಗೆ ಆಕೆ ನರ್ಸಿನ ಕೋಣೆಗೆ ಹೋಗದೆ ನನ್ನ ಮೇಜಿನ ಮುಂದೆ ನಿಂತಳು.

"ಕಿವ್ಯಾಗ ಗುಂಯ್ ಅನ್ನಾಕತ್ತೈತ್ರಿ ಸಾಹೇಬ್ರ. ಹೆಡ್‌ಫೋನ್ ಬಿಟ್ಟು ತಿಂಗಳ ಮ್ಯಾಲಾತು, ಆದ್ರೂ ನಿಂದ್ರವಲ್ದು."

ಕಿವಿಮೊರೆತಕ್ಕೆ ಕಾರಣ ಹಲವು: ಗುಗ್ಗೆ, ಸೋಂಕು, ದೊಡ್ಡ ಸದ್ದು, ರಕ್ತದೊತ್ತಡ, ಕೆಲವು ಔಷಧಿಗಳು. ಗುಗ್ಗೆಯೇ ಆಗಿರಲೆಂದು ಆಸೆಪಟ್ಟೆ. ಎರಡೂ ಕಿವಿ ಸ್ವಚ್ಛವಾಗಿದ್ದವು. ಬಿ.ಪಿ. ಸರಿಯಿತ್ತು. ಬಡಿದರೆ ಮಿಡಿಯುವ ಟ್ಯೂನಿಂಗ್ ಫೋರ್ಕನ್ನು ಕಿವಿಯ ಬಳಿ ಹಿಡಿದೆ. "ಮುಗೀತ್ರಿ" ಎಂದಳು. ನನ್ನ ಕಿವಿಗೆ ತಂದರೆ ಅದು ಇನ್ನೂ ಮಿಡಿಯುತ್ತಿತ್ತು. ಕಣ್ಣು ಮುಚ್ಚಿ ನಿಲ್ಲಲು ಹೇಳಿದೆ; ತೂರಾಡಿದಳು, ನರ್ಸ್ ಹಿಡಿದುಕೊಂಡರು.

ಕೇಳಿಸುವುದನ್ನೂ ದೇಹದ ಸಮತೋಲನವನ್ನೂ ಕಾಯುವ ಒಳಗಿವಿಯ ನರವನ್ನು ಸ್ಟ್ರೆಪ್ಟೊಮೈಸಿನ್ ಕೆಡಿಸಬಲ್ಲದು. ಓದಿ ಪಾಸಾದ ವಿಷಯವದು.

"ಯಾವಾಗಿನಿಂದ?"

"ಎಂಟ್ ದಿನ ಆತ್ರಿ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ದಿನಾ ಕೆಮ್ಮು ಕೇಳ್ತಿದ್ರಿ. ಕಿವಿ ಕೇಳಲಿಲ್ಲಲ್ರಿ."

ಆ ಎಂಟು ಇಂಜೆಕ್ಷನ್ನೂ ನನ್ನ ಸಹಿಯ ಮೇಲೆ ಹೋಗಿದ್ದವು. ಅಂದೇ ನಿಲ್ಲಿಸಿ ಬೇರೆ ಮಾತ್ರೆ ಸೇರಿಸಿದೆ. ಹೊರಡುವಾಗ ಕೇಳಿದಳು: "ಮತ್ತ ಎಕ್ಸ್‌ಚೇಂಜ್ ಬೋರ್ಡಿನ ಮುಂದ ಕುಂದರ್ಬಹುದೇನ್ರಿ?"

"ಗೊತ್ತಿಲ್ಲಮ್ಮ" ಎಂದೆ.

ಶ್ರವಣ ಪರೀಕ್ಷೆಗೆ ಗುಲಬರ್ಗಾಕ್ಕೆ ಕಳಿಸಿದೆ. ಔಷಧಿ ನಿಂತ ಮೇಲೂ ಕಿವಿ ಇನ್ನಷ್ಟು ಮಂದವಾಗಬಹುದಿತ್ತು. ಅತ್ತ ಕೆಮ್ಮು ಮರಳಬಹುದಿತ್ತು. ಮುಂದಿನ ಮೂರು ವಾರ, ಆಕೆ ಬಾಗಿಲಲ್ಲಿ ಕಾಣಿಸಿದಾಗೆಲ್ಲ ನಾನು ಮೆಲ್ಲನೆ ಹೆಸರು ಹಿಡಿದು ಕರೆಯುತ್ತಿದ್ದೆ, ತಿರುಗಿ ನೋಡುತ್ತಾಳೋ ಇಲ್ಲವೋ ಎಂದು. ಒಮ್ಮೆ ತಿರುಗಲಿಲ್ಲ. ಆ ದಿನ ನನಗೆ ಊಟ ಸೇರಲಿಲ್ಲ.

ಮೂರು ವಾರದ ಬಳಿಕ ಮಾಡಿಸಿದ ಎರಡನೆಯ ಪರೀಕ್ಷೆಯಲ್ಲಿ ಕಿವಿಯ ಹಾನಿ ಮೊದಲ ಪರೀಕ್ಷೆಯಲ್ಲಿ ಕಂಡಷ್ಟಕ್ಕೇ ನಿಂತಿತ್ತು. ತೀರ ಎತ್ತರದ ಸ್ವರಗಳು ಹೋಗಿದ್ದವು, ಮಾತು ಉಳಿದಿತ್ತು. ಕಫದಲ್ಲಿ ರೋಗಾಣು ಇರಲಿಲ್ಲ. ಆಕೆ ಕೆಲಸಕ್ಕೆ ಮರಳಿದಳು. ಮೊರೆತ ತಗ್ಗಿತು, ಪೂರ್ತಿ ಹೋಗಲಿಲ್ಲ.

"ಇರ್ಲಿ ಬಿಡ್ರಿ. ಮಂದಿ ಮಾತು ಕೇಳಸ್ತದಲ್ಲ" ಎಂದಳು.

ಆಕೆ ಬಿಟ್ಟಷ್ಟು ಸುಲಭವಾಗಿ ನನಗೆ ಬಿಡಲಾಗಲಿಲ್ಲ. ಔಷಧಿ ಫಲ ಕೊಡುತ್ತಿರುವಾಗಲೇ ಹೆಚ್ಚು ಎಚ್ಚರವಿರಬೇಕೆಂದು ತಡವಾಗಿ ಕಲಿತೆ. ರೋಗಿಗೆ "ಹೊಸದಾಗಿ ಏನಾದರೂ ಆಗುತ್ತಿದೆಯೇ?" ಎಂದು ಕೇಳಿ, ಉತ್ತರ ಬರುವತನಕ ಪೆನ್ನು ಕೆಳಗಿಟ್ಟು ಕೂರುವುದು ನನಗೆ ರೂಢಿಯಾದದ್ದು ಆಮೇಲೆಯೇ.