ಪ್ರೊಫೆಸರರ ಹೆಂಡತಿಗೆ ಓಟಿಲ್ಲ

ನಮ್ಮ ಯಜಮಾನರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಡಪಿನಲ್ಲಿ ಬಿಟ್ಟರೆ ಬಾಯಲ್ಲಿ ಹೇಳದೆ ಇಷ್ಟು ವರ್ಷ ಕಳೆದವಳು ಈಗ ಕಾಗದದ ಮೇಲೆ ಯಾಕೆ ಹೇಳಲಿ? ಹೇಳುವವರು ದಿಲ್ಲಿಯಲ್ಲಿ ಬೇಕಾದಷ್ಟು ಜನರಿದ್ದರು. ಇವರು ಮೊದಲು ಹೈದರಾಬಾದಿನ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದರು, ಅದೂ ಉರ್ದುವಿನಲ್ಲಿ. ಪೊಲೀಸ್ ಆಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ವರ್ಷ ಎರಡು ಪೆಟ್ಟಿಗೆ ಪುಸ್ತಕ ಮತ್ತು ಒಂದು ಕರಿ ಕೋಟು ಹೊತ್ತು ಸೇಡಮ್ಮಿಗೆ ಬಂದುಬಿಟ್ಟರು. ಪೆಟ್ಟಿಗೆಗಳನ್ನು ಗಾಡಿಯಿಂದ ಇಳಿಸುವಾಗ ನಮ್ಮತ್ತೆ, "ಇದರಾಗ ತಿನ್ನೋದು ಏನರ ಅದನೋ?" ಎಂದು ಮಗನನ್ನು ಕೇಳಿದರು. ಇರಲಿಲ್ಲ.

ಕಲಿಸುವ ಚಟ ಹತ್ತಿದ ಮನುಷ್ಯ ಸುಮ್ಮನೆ ಕೂರುತ್ತಾನೆಯೇ? ಮನೆಯಲ್ಲಿ ವಿದ್ಯಾರ್ಥಿಗಳಿಲ್ಲ ಎಂದು ನನಗೆ, ನಮ್ಮತ್ತೆಗೆ, ಯಾರೂ ಸಿಗದಿದ್ದರೆ ಎಮ್ಮೆಗೂ ಪಾಠ ಹೇಳುತ್ತಿದ್ದರು. ಒಂದು ದಿನ ಒಲೆಯ ಮುಂದೆ ಬಂದು ನಿಂತು, "ಇನ್ನ ಮ್ಯಾಲ ನವಾಬಗೂ ಒಂದೇ ಓಟು, ಅಂಗಳ ಕಸ ಹೊಡಿಯೋ ಮುದುಕಿಗೂ ಒಂದೇ ಓಟು. ಹೆಂಗಸರಿಗೂ ಅದ" ಎಂದರು. ತವೆಯ ಮೇಲಿನ ರೊಟ್ಟಿ ಹೊತ್ತಿದ್ದು ನನಗೆ ಗೊತ್ತಾಗಲಿಲ್ಲ. ನನಗೂ ಒಂದು, ಅತ್ತೆಗೂ ಒಂದು, ಇವರಿಗೂ ಒಂದೇ! ಆ ಮನೆಯಲ್ಲಿ ಹಾಲಿನ ಕೆನೆ ಕೂಡ ಅಷ್ಟು ಸಮನಾಗಿ ಹಂಚಿದ್ದನ್ನು ನಾನು ಕಂಡಿರಲಿಲ್ಲ. ಅವತ್ತಿನಿಂದ ನನಗೆ ಆ ಓಟು ಬೇಕು ಅಂದರೆ ಬೇಕು ಅನ್ನಿಸಿಬಿಟ್ಟಿತು.

ಓಟಿನ ಯಾದಿ ಬರೆಯಲು ಸಾಲಿ ಮಾಸ್ತರರು ಮನೆಗೆ ಬಂದ ದಿನ ಇವರು ಊರಲ್ಲಿರಲಿಲ್ಲ. ಚಿತ್ತಾಪುರಕ್ಕೆ ಭಾಷಣಕ್ಕೆ ಹೋಗಿದ್ದರು. ಭಾಷಣದ ವಿಷಯ ಹೆಂಗಸರ ಓಟು. ಅತ್ತೆ ಕಟ್ಟೆಯ ಮೇಲೆ ಕುಳಿತು ತಮ್ಮ ಹೆಸರನ್ನು ಓಣಿಗೆಲ್ಲ ಕೇಳುವ ಹಾಗೆ ಹೇಳಿದರು. ಮಾಸ್ತರರು "ಸೊಸಿ ಹೆಸರ್ರೀ?" ಎಂದರು.

"ಪ್ರೊಫೆಸರನ ಹೇಣ್ತಿ ಅಂತ ಬರಕೋರಿ. ಅಷ್ಟೂ ತಿಳೀವಲ್ದೇನು?"

ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಏಳನೇ ಇಯತ್ತೆ ಪಾಸಾದವಳು, ತುಟಿ ಪಿಟಕ್ ಅನ್ನಲಿಲ್ಲ. ಆ ಹುಡುಗಿ ಈಗ ಕೈಗೆ ಸಿಕ್ಕರೆ ಎರಡು ಬಾರಿಸುತ್ತೇನೆ.

ಆದರೆ ಹೇಳುವುದಾದರೂ ಯಾವ ಹೆಸರು? ಚಿಂಚೋಳಿಯಲ್ಲಿ ನಮ್ಮವ್ವ ಇಟ್ಟದ್ದು ಒಂದು. ಮದುವೆಯ ದಿನ ಹರಿವಾಣದ ಅಕ್ಕಿಯಲ್ಲಿ ಇವರ ಕೈಗೆ ಉಂಗುರ ಕೊಟ್ಟು ಬರೆಸಿದ್ದು ಇನ್ನೊಂದು, ತೀರಿಹೋದ ಇವರ ಅಜ್ಜಿಯದು. ಹಿರಿಯಳ ಹೆಸರು ಹಿಡಿದು ಸೊಸೆಯನ್ನು ಕೂಗಬಾರದೆಂದು ಆಮೇಲೆ ಅದನ್ನೂ ಯಾರೂ ಬಾಯಿಗೆ ತರಲಿಲ್ಲ. ಅತ್ತೆಗೆ ನಾನು "ಚಿಂಚೋಳಿಯಾಕಿ". ಇವರಿಗೆ "ಏ, ಕೇಳ್ತೇನು". ಒಂದು ಹೆಸರು ತವರಿನಲ್ಲಿ ಉಳಿಯಿತು, ಇನ್ನೊಂದು ಅಕ್ಕಿಯ ಜೊತೆ ಬೆಂದುಹೋಯಿತು.

ಕೆಲವು ತಿಂಗಳ ಮೇಲೆ ಸುದ್ದಿ ಬಂತು. ಇಂಥವನ ಹೆಂಡತಿ, ಇಂಥವನ ತಾಯಿ ಎಂದು ಬರೆಸಿದ ಹೆಂಗಸರನ್ನೆಲ್ಲ ಯಾದಿಯಿಂದ ತೆಗೆಯುತ್ತಾರೆ. ಓಟು ಬೇಕಾದವರು ಸ್ವಂತ ಹೆಸರಿನಿಂದ ಹೊಸದಾಗಿ ಫಾರಂ ಕೊಡಬೇಕು. ಇವರಿಗೆ ಕೆಂಡದಂಥ ಸಿಟ್ಟು ಬಂತು. ಅಷ್ಟರಲ್ಲಿ ಇವರು ಚುನಾವಣೆಗೆ ನಿಲ್ಲುವುದೂ ಗಟ್ಟಿಯಾಗಿತ್ತು. ಫಾರಂಗಳ ಒಂದು ಕಟ್ಟು ನನ್ನ ಮುಂದೆ ಹಾಕಿ, "ಹೆಂಗಸರ ಕಡಿ ನೀನೇ ಹೋಗು. ನಾ ಹೋದ್ರ ಒಬ್ಬಾಕಿನೂ ಹೊರಗ ಬರಂಗಿಲ್ಲ" ಎಂದರು.

ಹೋದೆ. ಸೇಡಂ, ವಾಡಿ, ಶಹಾಬಾದ, ಯಾವ ಓಣಿಯನ್ನೂ ಬಿಡಲಿಲ್ಲ. ಹೆಂಗಸರು ತಮ್ಮ ಹೆಸರನ್ನೇನೋ ಸೆರಗು ಕಚ್ಚಿಕೊಂಡು ಹೇಳುತ್ತಿದ್ದರು. ಗಾಡಿ ಸಿಕ್ಕಿಬೀಳುತ್ತಿದ್ದದ್ದು ಅದರ ಕೆಳಗಿನ ಸಾಲಿನಲ್ಲಿ, ಗಂಡನ ಹೆಸರು ಎಂಬಲ್ಲಿ. "ಯವ್ವಾ, ಅವರ ಹೆಸರ ಹೆಂಗ ಹೇಳ್ಲಿ? ಆಯುಷ್ಯ ಕಮ್ಮಿ ಆಗ್ತದ." ಸೇಡಮ್ಮಿನ ಹತ್ತಿರದ ಮುಧೋಳದ ಒಬ್ಬಾಕೆ ಸುಮ್ಮನೆ ಆಕಾಶದ ಸೂರ್ಯನ ಕಡೆ ಬೆರಳು ತೋರಿಸಿದಳು. ಸೂರ್ಯನಿಗೇನು ಒಂದು ಹೆಸರೇ? ನಾನು ಒಂದೊಂದಾಗಿ ಹೇಳುತ್ತಾ ಬಂದೆ, ಆಕೆ ತಲೆ ಅಲ್ಲಾಡಿಸುತ್ತಾ ಬಂದಳು. ಕೊನೆಗೆ ಆ ಸೂರ್ಯನೇ ಹೊಲದಿಂದ ಮನೆಗೆ ಬಂದು ತನ್ನ ಹೆಸರು ಹೇಳಬೇಕಾಯಿತು.

ಹೀಗಾದರೆ ಓಟಿನ ದಿನ ಬಂದರೂ ಯಾದಿ ಮುಗಿಯುವುದಿಲ್ಲ ಎಂದು ನನಗೆ ಒಂದು ಉಪಾಯ ಹೊಳೆಯಿತು. ಮದುವೆ, ಸೀಮಂತಗಳಲ್ಲಿ ಬಾಗಿಲು ಅಡ್ಡಗಟ್ಟಿ ಒಡಪು ಹೇಳಿಸುತ್ತಾರಲ್ಲ, ಆಗ ಹಾಡಿನೊಳಗೆ ಗಂಡನ ಹೆಸರು ಸೇರಿಸಿ ಹೇಳಬಹುದು. ಅದಕ್ಕೆ ದೋಷವಿಲ್ಲ. ಶಹಾಬಾದಿನ ಕಲ್ಲಿನ ಓಣಿಯಲ್ಲಿ ಹತ್ತಿಪ್ಪತ್ತು ಹೆಂಗಸರನ್ನು ಕೂಡಿಸಿ, "ಫಾರಂ ಗೀರಂ ಆಮ್ಯಾಲ, ಮೊದಲ ಒಡಪ ಹೇಳ್ರೆವ್ವಾ" ಎಂದೆ. ಆಹಾ, ಏನು ಹುರುಪು! ಫರಸಿ ಕಲ್ಲಿಗೆ ಹೊಳಪು ಕೊಡುವ ಕೆಲಸದ ಒಬ್ಬಾಕೆ ಸೊಂಟದ ಮೇಲೆ ಕೈಯಿಟ್ಟು ನಿಂತಳು:

"ಶಹಾಬಾದಿ ಫರಸಿ ಒರೆಸಿದಷ್ಟೂ ನುಣುಪು,
ಇಂಥವರಿಗಿ ಸಂತಿ ಸಾಮಾನೊಂದೂ ಇರಂಗಿಲ್ಲ ನೆನಪು!"

'ಇಂಥವರು' ಎಂಬಲ್ಲಿ ಆಕೆ ಹೇಳಿದ ಹೆಸರನ್ನು ನಾನು ಫಾರಮ್ಮಿನಲ್ಲಿ ಬರೆದುಕೊಂಡೆ. ಇನ್ನೊಬ್ಬಾಕೆ, "ತೊಗರಿ ಬ್ಯಾಳಿ ಬೇಯಲಿಕ್ಕ ಒಲಿಗೆ ಹಚ್ಚಬೇಕು ಉರಿ, ಇಂಥವರು ಮನ್ಯಾಗಿದ್ರ ಒಲಿ ಯಾಕ ಬೇಕ್ರಿ?" ಎಂದಳು. ಅದನ್ನೂ ಬರೆದೆ. ಆಮೇಲೆ ನೀವೂ ಒಂದು ಹೇಳ್ರಿ ಎಂದು ಎಲ್ಲರೂ ನನ್ನ ಮೇಲೆ ಬಿದ್ದರು. ನಾನೇನು ಬಿಡುವವಳೇ?

"ಗೂಟಕ್ಕ ನೇತು ಹಾಕೀನಿ ಅವರ ಕರಿ ಕೋಟು,
ಇಂಥವರ ಪೆಟಿಗಿಗಿ ಹಾಕ್ರೆವ್ವಾ ನಿಮ್ಮ ಓಟು!"

ಆಗ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇರುತ್ತಿತ್ತು. ಇವರು ವಾಡಿ ಜಂಕ್ಷನ್ನಿನ ಬಯಲಿನಲ್ಲಿ ಪ್ರಜಾಪ್ರಭುತ್ವದ ಮೂಲ ತತ್ವಗಳ ಬಗ್ಗೆ ಎರಡು ತಾಸು ಮಾತಾಡಿ ಜನರನ್ನು ಮಲಗಿಸಿ ಬರುತ್ತಿದ್ದರು. ನನ್ನ ಒಡಪು ಅವರಿಗಿಂತ ಮೊದಲೇ ಊರು ಮುಟ್ಟಿರುತ್ತಿತ್ತು.

ಎಲ್ಲರದನ್ನೂ ಬರೆದಾದ ಮೇಲೆ ನನ್ನದೊಂದು ಬರೆದೆ. ಬರೆಯಲು ಏನಂತೆ, ಗಂಡನ ಹೆಸರು ಬರೆದರೆ ನಾಲಿಗೆ ಸುಡುವುದಿಲ್ಲ. ಮೇಲೆ ನನ್ನ ಹೆಸರು, ನಮ್ಮವ್ವ ಇಟ್ಟದ್ದು. ಮಡಚಿ ಇವರ ಕೈಗೆ ಕೊಟ್ಟು, "ಇದು ನಂದು. ಎಲ್ಲಾದ್ರ ಜೋಡಿ ತಹಶೀಲದಾಗ ಕೊಡ್ರಿ" ಎಂದೆ. "ಕೊಡ್ತೀನಿ, ಕೊಡ್ತೀನಿ" ಎಂದರು. ಕಣ್ಣು ಪುಸ್ತಕದ ಮೇಲಿತ್ತು.

ಓಟಿನ ದಿನ ಎದ್ದು ತಲೆಗೆ ಎರೆದುಕೊಂಡು ಇಳಕಲ್ ಸೀರೆ ಉಟ್ಟೆ. ನಮ್ಮ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ದಂಡಿನ ಮುಂದೆ ದಳವಾಯಿಯ ಹಾಗೆ ಹೋದೆ. ಒಬ್ಬೊಬ್ಬರೇ ಒಳಗೆ ಹೋಗಿ ಬೆರಳಿಗೆ ಕರಿ ಮಸಿ ಹಚ್ಚಿಸಿಕೊಂಡು ನಗುತ್ತ ಬಂದರು. ನನ್ನ ಪಾಳಿ ಬಂತು. ಸಾಹೇಬರು ಯಾದಿಯನ್ನು ಮೇಲಿಂದ ಕೆಳಗೆ ನೋಡಿದರು, ಕೆಳಗಿಂದ ಮೇಲೆ ನೋಡಿದರು. "ನಿಮ್ಮ ಹೆಸರು ಇಲ್ಲವ್ವಾ" ಎಂದರು. ಹೊರಗೆ ಬಂದಾಗ ಎಲ್ಲರೂ ಬೆರಳು ತೋರಿಸು ಎಂದರು. ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. ಅಂಥ ನಾಚಿಕೆ, ಅಂಥ ಸಂಕಟ ನನಗೆ ಮತ್ತೆಂದೂ ಆಗಿಲ್ಲ.

ಮನೆಯಲ್ಲಿ ಅತ್ತೆ ಮಸಿ ಹಚ್ಚಿದ ಬೆರಳನ್ನು ನೆಟ್ಟಗೆ ಹಿಡಿದು ಕುಳಿತಿದ್ದರು. "ನಂದು ಹಾಕಿ ಬಂದೆ. ಆ ಬ್ಯಾರೆಯವರ ಪೆಟಿಗಿ ಮ್ಯಾಲಿನ ಚಿತ್ರ ಭಾಳ ಚಂದ ಇತ್ತು, ಅದರಾಗೇ ಹಾಕ್ದೆ" ಎಂದರು. ಮಗನಿಗೆ ಹೇಳಬೇಡ ಎಂದೂ ಸೇರಿಸಿದರು. ನಾನು ನಗಲೂ ಇಲ್ಲ. ಒಳಗೆ ಹೋಗಿ ಇವರ ಪುಸ್ತಕಗಳನ್ನು ಒಂದೊಂದೇ ಜಾಡಿಸಿದೆ. ಏಳನೆಯದರಿಂದ ನನ್ನ ಫಾರಂ ಬಿತ್ತು. ಓದಿದಲ್ಲಿಗೆ ಗುರುತಿಗೆಂದು ಇಟ್ಟಿದ್ದರು. ಸ್ವಿಟ್ಜರ್ಲೆಂಡಿನ ಆಡಳಿತದ ಪುಸ್ತಕ ಅದು. ಆ ದೇಶದಲ್ಲಿ ಹೆಂಗಸರಿಗೆ ಓಟೇ ಇಲ್ಲವಂತೆ. ಇದನ್ನು ಆಮೇಲೆ ಇವರೇ ಹೇಳಿದರು, ಮಹಾ ಜಾಣರು.

ಸಂಜೆ ಬಂದು ಊಟಕ್ಕೆ ಕುಳಿತರು. ಗಂಗಾಳದಲ್ಲಿ ಫಾರಂ ಸಮೇತ ಆ ಪುಸ್ತಕ ಇಟ್ಟೆ. ನೋಡಿದರು. ಮುಖ ಸಣ್ಣದಾಯಿತು.

"ತಪ್ಪಾತು. ಮುಂದಿನ ಸಲ ಮಾಡಿದ್ರಾತು, ಬಿಡು."

"ಅಡ್ಡಿಯಿಲ್ರಿ. ಊಟಾನೂ ಮುಂದಿನ ಸಲ ಮಾಡ್ರಿ" ಎಂದು ಎದ್ದು ಹೋದೆ.

ಇವರು ಗೆದ್ದರು. ಹೆಂಗಸರ ಓಟಿನಿಂದಲೇ ಗೆದ್ದರು ಎಂದು ಎದುರಾಳಿಗಳೇ ಹೇಳಿದರು. ದಿಲ್ಲಿಗೆ ಹೋದರು. ಪಾರ್ಲಿಮೆಂಟಿನಲ್ಲಿ ಎದ್ದು ನಿಂತರೆ ದೊಡ್ಡ ದೊಡ್ಡವರು ಕಿವಿಗೊಡುತ್ತಾರೆ ಎಂದು ಸುದ್ದಿ ಬಂತು. ಅಲ್ಲಿಯ ಜನಕ್ಕೆ ಎರಡು ತಾಸಿನ ಪಾಠ ಹಿಡಿಸಿರಬೇಕು. ಪಕ್ಷದವರು ಇಡೀ ದೇಶದಲ್ಲಿ ಪಕ್ಷ ನಡೆಸುವ ಹೊಣೆ ಹೊರಿಸಿದರು, ಪತ್ರಿಕೆಗಳಲ್ಲಿ ಫೋಟೋ ಬಂತು. ಬಂಗಲೆ ಸಿಕ್ಕಿದೆ, ಬಂದುಬಿಡು ಎಂದು ನನಗೆ ಕಾಗದ ಬರೆದರು. ನಾನು ಕಾರ್ಡಿನಲ್ಲಿ ಎರಡೇ ಸಾಲು ಬರೆದೆ: "ಓಟಿಲ್ಲದಾಕಿ ದಿಲ್ಲಿಗೆ ಬಂದು ಏನು ಮಾಡಲಿ? ನನ್ನ ಫಾರಂ ನೀವೇ ಬಂದು ಕೊಡ್ರಿ, ಆಮೇಲೆ ಬರ್ತೀನಿ."

ಯಾದಿ ತಿದ್ದುವ ಕಾಲ ವರ್ಷಕ್ಕೊಮ್ಮೆ ಬರುತ್ತಿತ್ತು. ಮೊದಲ ವರ್ಷ ಮರೆತರು. ಎರಡನೆಯ ವರ್ಷ ಪರದೇಶಕ್ಕೆ ಹೋದರು. ಅತ್ತೆ, "ನನ್ನ ಮಗ ಕಂಡವರ ಕೈಯಾಗಿನ ಅನ್ನ ತಿಂದು ಸೊರಗ್ಯಾನ, ನಿಂದೊಂದು ಹಠ" ಎಂದು ಬೈದರು. ಬೈಯಲಿ. ನನಗೂ ರಾತ್ರಿ ಒಬ್ಬಳೇ ಮಲಗಿ ಅಳು ಬರುತ್ತಿತ್ತು, ಆದರೆ ಸೋಲಲಿಲ್ಲ. ಮೂರನೆಯ ವರ್ಷ ಬಂದೇ ಬಂದರು. ಸೇಡಂ ತಹಶೀಲ ಕಚೇರಿಗೆ ನಾನೂ ಹಿಂದೆ ಹೋದೆ; ನೋಡಬೇಕಲ್ಲ.

ದೇಶದ ನಾಯಕರು ಬಂದರೆಂದು ಕಚೇರಿ ಎಲ್ಲ ಎದ್ದು ನಿಂತಿತು. ಗುಮಾಸ್ತರೊಬ್ಬರು ಮಾತ್ರ ಕುಳಿತೇ ಕೈ ಮುಗಿದರು. ಜೀವನವಿಡೀ ಉರ್ದುವಿನಲ್ಲಿ ದಫ್ತರು ಬರೆದ ಮುದುಕರು, ಕನ್ನಡ ಅಕ್ಷರ ಕೂಡಿಸಿ ಓದುವುದು ನಿಧಾನ. ಇವರು ಮಡಿಕೆ ಬಿಚ್ಚದೆ ಮುಂದಿಟ್ಟ ಫಾರಂ ಕಡೆ ನೋಡದೆ, "ಬಾಯಿಲೇ ಹೇಳ್ರಿ ಸಾಹೇಬ್ರ, ನಾ ಬರಕೋತೀನಿ. ಅವ್ವಾರ ಹೆಸರು?" ಎಂದರು.

ಇವರು ಸುತ್ತ ನೋಡಿದರು. ಬಾಗಿಲ ತುಂಬ ಜನ, ಅವರ ಹಿಂದೆ ನಮ್ಮ ಓಣಿಯ ಹೆಂಗಸರು. ಪಾರ್ಲಿಮೆಂಟಿಗೆ ಹೆದರದ ಮನುಷ್ಯ ಬೆವರು ಒರೆಸಿಕೊಂಡರು. ಮೆಲ್ಲಗೆ ಏನೋ ಅಂದರು.

"ಜೋರ ಹೇಳ್ರಿ, ಕೇಳವಲ್ದು."

ಕಣ್ಣು ಮುಚ್ಚಿ ಜೋರಾಗಿ ಹೇಳಿದರು. ಹೆಂಗಸರು ಕಿಸಕ್ಕೆಂದರು. ನಾನು ಮೇಜಿನ ಹತ್ತಿರ ಹೋದೆ.

"ಅದು ನಿಮ್ಮಜ್ಜಿ ಹೆಸರ್ರೀ" ಎಂದೆ. ಗುಮಾಸ್ತರ ಕಡೆ ತಿರುಗಿ ನನ್ನ ಹೆಸರನ್ನು ಹೇಳಿದೆ, ನಮ್ಮತ್ತೆ ಕಟ್ಟೆಯ ಮೇಲೆ ಕುಳಿತು ಹೇಳಿದ್ದಕ್ಕಿಂತ ಜೋರಾಗಿ. ಅವರು ಬರೆದುಕೊಂಡರು.

ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ಮದುವೆಯಾಗಿ ಹನ್ನೊಂದು ವರ್ಷವಾಗಿತ್ತು. ಬಗ್ಗಿ, ಯಾರಿಗೂ ಕೇಳದ ಹಾಗೆ, "ಈ ಹೆಸರು ಯಾವಾಗ ಇಟ್ಕೊಂಡಿ?" ಎಂದು ಕೇಳಿದರು.

"ಹುಟ್ಟಿದಾಗ" ಎಂದೆ.