ಹಿಮಚಿರತೆಗೆ ಕಾಯಿತುರಿ

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ನಾವು ಹೊರದೇಶದಲ್ಲಿ, ಪೆಟಾಲಿಂಗ್ ಜಯಾ ಎಂಬ ಊರಿನಲ್ಲಿ ಮೂರನೇ ಮಹಡಿಯ ಒಂದು ಮನೆಯಲ್ಲಿದ್ದೆವು. ಉಡುಪಿಯಿಂದ ಬಂದು ನಾಲ್ಕು ವರ್ಷವಾಗಿತ್ತು. ಇವರು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ನಾನು ಮನೆ ನೋಡಿಕೊಳ್ಳುತ್ತಿದ್ದೆ. ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಶಾಲೆಯಲ್ಲಿ ಯಾವ ಭಾಷೆಯಲ್ಲೂ ಬಾಯಿ ಬಿಡದವಳು.

ಆ ವರ್ಷ ಅವಳ ಟೀಚರು ನನ್ನನ್ನು ಕರೆಸಿ ನೇರವಾಗಿಯೇ ಹೇಳಿದರು. ಬರೆಯುವುದರಲ್ಲಿ ಏನೂ ಕೊರತೆಯಿಲ್ಲ. ಆದರೆ ತರಗತಿಯ ಮುಂದೆ ನಿಂತು ಮಾತಾಡುವ ಪರೀಕ್ಷೆಯಲ್ಲಿ ಎರಡು ಸಲವೂ ಸುಮ್ಮನೆ ನಿಂತು ವಾಪಸು ಹೋಗಿ ಕೂತಿದ್ದಾಳೆ. ಮೂರನೆಯ ಸಲವೂ ಹಾಗೇ ಆದರೆ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಬೇಕಾಗುತ್ತದೆ. ಈ ಸಲದ ವಿಷಯ ಒಂದು ಕಾಡುಪ್ರಾಣಿ. ಅದರ ಮಾದರಿ ಮಾಡಿ ತರಬೇಕು, ಐದು ನಿಮಿಷ ಅದರ ಬಗ್ಗೆ ಹೇಳಬೇಕು.

ಹುಲಿ ಮಾಡೋಣವೆಂದೆ. ಅವಳು ಹಿಮಚಿರತೆಯೇ ಬೇಕೆಂದಳು.

"ಹುಲಿ ಇರುವ ದೇಶದಲ್ಲಿ ಕೂತುಕೊಂಡು ಹಿಮದ್ದು ಎಂತಕ್ಕೆ ಮಾರಾಯ್ತಿ?" ಎಂದರು ಇವರು. "ನಿನ್ನಮ್ಮ ಹಿಮ ಅಂತ ನೋಡಿದ್ದು ಫ್ರೀಜರಿನಲ್ಲಿ ಮಾತ್ರ."

"ಇಟ್ ಕಾಂಟ್ ರೋರ್, ಅಪ್ಪ," ಎಂದಳು. ಅದಕ್ಕೆ ಗರ್ಜಿಸಲು ಬರುವುದಿಲ್ಲವಂತೆ. ಇವರು ಹಿಮಚಿರತೆಗೇ ಒಪ್ಪಿದರು.

ಶಾಲೆಯ ಲೈಬ್ರರಿಯಿಂದ ಪುಸ್ತಕ ತಂದಳು. ಮಧ್ಯಾಹ್ನ ನಾನು ತರಕಾರಿ ಹೆಚ್ಚುವಾಗ ಅವಳು ಎದುರಿಗೆ ಕೂತು ಓದುತ್ತಿದ್ದಳು, ನಾನು ಅದನ್ನು ಕನ್ನಡದಲ್ಲಿ ತಿರುಗಿಸಿ ಕೇಳುತ್ತಿದ್ದೆ. ಹುಲಿಯ ಹಾಗೆ ಗರ್ಜಿಸದಿದ್ದರೂ ಗುರುತಿನವರು ಎದುರಾದರೆ ಮೂಗಿನಿಂದ ಮೆಲ್ಲಗೆ ಪುಸುಗುಡುತ್ತದೆ. ಹೆಚ್ಚಾಗಿ ಒಂದೇ ತಿರುಗುತ್ತದೆ. ಬೆಳಕು ಹರಿಯುವಾಗ ಮತ್ತು ಮುಳುಗುವಾಗ ಬೇಟೆಗೆ ಹೊರಡುತ್ತದೆ. ಕಾಡುಕುರಿಯೊಂದು ಸಿಕ್ಕಿತೆಂದರೆ ಅದು ಮುಗಿಯುವವರೆಗೆ ಮೂರು ನಾಲ್ಕು ದಿನ ಅಲ್ಲೇ ಸುತ್ತಮುತ್ತ ಇರುತ್ತದೆ. ನಮ್ಮ ಮನೆಯ ಹುಳಿಯೂ ಹಾಗೇ, ಮುಗಿಯುವ ತನಕ ಬೇರೆ ಅಡುಗೆ ಇಲ್ಲ ಎಂದೆ. ನಕ್ಕಳು. ಪಾದದ ಅಡಿಯಲ್ಲೂ ಕೂದಲು, ಹಿಮದಲ್ಲಿ ಹುಗಿಯದ ಹಾಗೆ. ಕಿವಿ ಚಿಕ್ಕದು, ಚಳಿಗೆ. ಬಾಲ ಮಾತ್ರ ಹತ್ತಿರ ಹತ್ತಿರ ಮೈಯಷ್ಟೇ ಉದ್ದ. ಬಂಡೆಯಿಂದ ಬಂಡೆಗೆ ಹಾರುವಾಗ ತೂಕ ಸರಿದೂಗಿಸುವುದು ಅದೇ, ಮಲಗುವಾಗ ಮೂಗಿನ ಮೇಲೆ ಎಳೆದುಕೊಳ್ಳುವ ಹೊದಿಕೆಯೂ ಅದೇ.

ಮಾದರಿಯ ಕೆಲಸ ಒಂದು ವಾರ ನಡೆಯಿತು. ರಟ್ಟಿನ ಪೆಟ್ಟಿಗೆ ಹರಿದು, ಮೇಲೆ ಮೈದಾ ಅಂಟಿನಲ್ಲಿ ಹಳೆಯ ಪೇಪರು ಮೆತ್ತಿ, ತೆಳ್ಳಗೆ ಕಪ್ಪು ಶಾಯಿಯ ನೀರು ಬಳಿದು ಬಂಡೆ ಮಾಡಿದೆವು. ಚಿರತೆಯ ಮೈಗೆ ಇವರ ಹಳೆಯ ಬನಿಯನ್ನು, ಒಗೆದು ಒಗೆದು ಬೂದಿಬಣ್ಣಕ್ಕೆ ಬಂದದ್ದು. ಚುಕ್ಕಿಗೆ ನಾನು ಬೆಂಡೆಕಾಯಿ ಅಡ್ಡ ಕತ್ತರಿಸಿ ಶಾಯಿಯಲ್ಲಿ ಅದ್ದಿ ಒತ್ತಲು ಕೊಟ್ಟೆ. ಒಳಗೆ ಖಾಲಿ ಬಿಟ್ಟ ಹೂವಿನಂಥ ಉಂಗುರ, ಪುಸ್ತಕದಲ್ಲಿದ್ದ ಹಾಗೆಯೇ ಬಂತು. ಬಾಲಕ್ಕೆ ಒಂದು ಉದ್ದದ ಕಾಲುಚೀಲ. ಮೈಯಷ್ಟೇ ಉದ್ದ ಇರಲೇಬೇಕೆಂದು ಅವಳ ಹಟ. ಮನೆಯಲ್ಲಿದ್ದ ಹತ್ತಿಯೆಲ್ಲ ಆ ಬಾಲಕ್ಕೇ ಹೋಯಿತು.

ಹಾಗಾಗಿ ಹಿಮಕ್ಕೆ ಹತ್ತಿ ಉಳಿಯಲಿಲ್ಲ. ಮರುದಿನ ಬೆಳಿಗ್ಗೆಯೇ ಪರೀಕ್ಷೆ. ಸಂಜೆ ಮಾರ್ಕೆಟಿಗೆ ಹೋಗಿ ತಮಿಳರ ಅಂಗಡಿಯಲ್ಲಿ ಮಿಷನ್ನಿನಲ್ಲಿ ತುರಿದ ಕಾಯಿ ತಂದೆ.

"ಏನಕ್ಕಾ, ವಿಶೇಷಮಾ? ಇಷ್ಟೊಂದು ತೇಂಗಾ?" ಎಂದು ಅಂಗಡಿಯವನು ಕೇಳಿದ. ಗುಡ್ಡಕ್ಕೆ ಎಂದೆ. ಯಾವುದೋ ದೇವಸ್ಥಾನದ ಗುಡ್ಡವೆಂದುಕೊಂಡನೋ ಏನೋ, ಒಂದು ಹಿಡಿ ಜಾಸ್ತಿ ಹಾಕಿದ.

ಕಾಯಿತುರಿಯಲ್ಲೇ ಬೆಳೆದವಳು ನಾನು. ರುಬ್ಬಿಟ್ಟ ಚಟ್ನಿ ಬೆಳಗಾಗುವಷ್ಟರಲ್ಲಿ ಹಳಸುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬಂಡೆಯ ಮೇಲೆ ಉದುರಿಸಿದ ಕೂಡಲೇ ಅದು ಕಾಯಿ ಅನ್ನುವುದೇ ನನಗೆ ಮರೆತುಹೋಯಿತು. ಅಷ್ಟು ಬೆಳ್ಳಗೆ, ಅಷ್ಟು ಚೆಂದ ಇತ್ತು. ಅದರ ಮೇಲೆ ಚಿರತೆಯನ್ನು ಕೂರಿಸಿ, ಮೇಜಿನ ಮೇಲೆಯೇ ಬಿಟ್ಟು ಮಲಗಿದೆವು.

ಬೆಳಿಗ್ಗೆ ಹಾಲು ಕಾಯಿಸಲು ಎದ್ದಾಗ ಹುಳಿ ನಾತ. ಹಿಮವೆಲ್ಲ ಹಳದಿಗೆ ತಿರುಗಿತ್ತು. ಕಿಟಕಿಯಿಂದ ಮೇಜಿನವರೆಗೆ ಇರುವೆಯ ಸಾಲು.

ಮಗಳು ಬಂದು ನೋಡಿದಳು. ಅಳಲಿಲ್ಲ. "ಅಮ್ಮ, ಹೊಟ್ಟೆನೋವು. ಐಯಾಮ್ ನಾಟ್ ಗೋಯಿಂಗ್," ಎಂದು ಹೇಳಿ ಕುರ್ಚಿಯಲ್ಲಿ ಕಾಲು ಮಡಚಿಕೊಂಡು ಕೂತಳು.

ನಾನು ಚಿರತೆಯನ್ನು ಎತ್ತಿ ಬದಿಗಿಟ್ಟೆ. ಚಮಚ ತಂದು ತುರಿ ಕೆರೆಯತೊಡಗಿದೆ. ಕೆರೆದಷ್ಟೂ ಪೇಪರಿನ ಬಂಡೆ ಮೇಲೆ ಬಂತು: ಬೂದಿ, ಅದರ ಮೇಲೆ ಕಪ್ಪು ಅಕ್ಷರಗಳ ಚುಕ್ಕೆ. ಇರುವೆ ಕೊಡವಿ, ಬದಿಗಿಟ್ಟಿದ್ದ ಚಿರತೆಯನ್ನು ಹಿಂದಿನ ಜಾಗದಲ್ಲೇ ಕೂರಿಸಿದೆ.

"ಅಮ್ಮ, ವೇರ್ ಇಸ್ ಇಟ್?"

"ಎಲ್ಲಿ ಅಂದರೆ? ಅಲ್ಲೇ ಉಂಟಲ್ಲ."

ಅವಳು ಕುರ್ಚಿಯಿಂದ ಇಳಿದು ಹತ್ತಿರ ಬಂದಳು. ನಾನೂ ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ನಿಜಕ್ಕೂ ಕಾಣಿಸುತ್ತಿರಲಿಲ್ಲ. ಬಿಳಿ ತುರಿಯ ಮೇಲೆ ಎದ್ದು ಕಾಣುತ್ತಿದ್ದ ಪ್ರಾಣಿ ಬರೀ ಬಂಡೆಯ ಮೇಲೆ ಕರಗಿಹೋಗಿತ್ತು. ಹತ್ತು ಮಾರು ದೂರದಲ್ಲಿ ಕೂತಿದ್ದರೂ ಅದು ಕಣ್ಣಿಗೆ ಬೀಳುವುದಿಲ್ಲವೆಂದು ಓದಿದ್ದೆವು. ಓದಿದ್ದೆವು, ಅಷ್ಟೇ.

"ಅಪ್ಪಾ, ಕಮ್! ಹುಡುಕು!"

ಇವರು ಮುಖಕ್ಕೆ ಸೋಪು ಹಚ್ಚಿಕೊಂಡೇ ಬಂದರು, ಕನ್ನಡಕವಿಲ್ಲದೆ. ಬಗ್ಗಿ ನೋಡಿ, "ಎಂತ ಹುಡುಕಬೇಕು? ಬರೀ ಕಲ್ಲು. ಚಿರತೆಯನ್ನು ಇರುವೆ ತಿಂದಿತಾ?" ಎಂದರು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನೋವಿನ ಮಾತು ಮತ್ತೆ ಬರಲಿಲ್ಲ. ಯೂನಿಫಾರ್ಮ್ ಹಾಕಿಕೊಂಡು, ಬಂಡೆಯನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪನ ಕಾರಿನಲ್ಲಿ ಹೋದಳು.

ತರಗತಿಯಲ್ಲಿ ನಡೆದದ್ದನ್ನು ಸಂಜೆ ಅವಳೇ ಹೇಳಿದಳು. ಮೊದಲು ಎಂದಿನ ಹಾಗೆ ವಾಪಸು ಹೋಗಿ ಕೂರಲು ತಿರುಗಿದಳಂತೆ. ಆಮೇಲೆ ಒಂದೇ ಮಾತು ಹೇಳಿದಳಂತೆ, ಇದನ್ನು ಹುಡುಕಿ ಎಂದು. ಮುಂದಿನ ಸಾಲಿನವರು ಎದ್ದು ಬಂದು ಸುತ್ತ ನಿಂತರು. ಒಬ್ಬ ಮೂಸಿ ನೋಡಿ, "ಸ್ಮೆಲ್ಸ್ ಲೈಕ್ ನಾಸಿ ಲೆಮಾಕ್ ಲಾ!" ಎಂದ. ತೆಂಗಿನ ಹಾಲಿನ ಅನ್ನದ ವಾಸನೆ ಅಲ್ಲಿ ಯಾವ ಮಗುವಿಗೆ ಗೊತ್ತಿಲ್ಲ? ಎಲ್ಲರೂ ನಕ್ಕರು. ಅದು ಹಿಮ, ನಿನ್ನೆ ಬಿದ್ದದ್ದು, ಇರುವೆ ತಿಂದುಬಿಟ್ಟಿತು ಎಂದು ಇವಳು ಹೇಳಿದಳು. ಮತ್ತೂ ನಕ್ಕರು. ಆ ನಗು ಇಳಿಯುವಷ್ಟರಲ್ಲಿ ಗರ್ಜನೆಯ ವಿಷಯ ಹೇಳಲು ಶುರುಮಾಡಿ ಆಗಿತ್ತಂತೆ.

ಟೀಚರು ಡೈರಿಯಲ್ಲಿ ಬರೆದು ಕಳಿಸಿದ್ದರು: ಮಾತಾಡಿದ್ದಾಳೆ, ದನಿ ಸಣ್ಣದು, ಮೂರನೇ ಸಾಲಿನವರೆಗೆ ಕೇಳಿಸುತ್ತದೆ, ಪಾಸು. ನಾನು ಅದನ್ನು ಎರಡು ಸಲ ಓದಿದೆ. ಇವರು ಬಂದ ಮೇಲೆ ಇನ್ನೊಂದು ಸಲ ಗಟ್ಟಿಯಾಗಿ ಓದಿದೆ.

ಉಂಡು ಏಳುವ ಹೊತ್ತಿಗೆ ಮಗಳು ಇದ್ದಕ್ಕಿದ್ದಂತೆ ತಟ್ಟೆಯಿಂದ ತಲೆಯೆತ್ತಿದಳು.

"ಅಮ್ಮ, ಒಂದು ಮರೆತೇ ಹೋಯ್ತು. ಐ ನೆವರ್ ಟೋಲ್ಡ್ ದೆಮ್ ಅಬೌಟ್ ದ ಟೇಲ್."

ಮನೆಯ ಹತ್ತಿಯೆಲ್ಲ ಆ ಬಾಲದೊಳಗೇ ಇತ್ತು. ಇರಲಿ ಬಿಡು ಎಂದು ಅವಳ ತಟ್ಟೆಗೆ ಇನ್ನೊಂದು ಸೌಟು ಹುಳಿ ಹಾಕಿದೆ.